ಕೂಟ, ಕೃತ್ರಿಮ, ನಕಲು: ಶಾಸನವಿಮರ್ಶೆಯ ಮೂರು ಮಾತುಗಳು

ತಾಮ್ರಪಟವೊಂದರ ಲಿಪಿ ಅದು ಹೇಳಿಕೊಳ್ಳುವ ಕಾಲಕ್ಕೆ ಹೊಂದದಿದ್ದರೆ, ಅಥವಾ ಅದರಲ್ಲಿ ಬರುವ ಅರಸರ ಹೆಸರುಗಳು ಒಂದಕ್ಕೊಂದು ತಾಳೆಯಾಗದಿದ್ದರೆ, ನಮ್ಮ ಚರಿತ್ರೆಯ ಪುಸ್ತಕಗಳು ಅದನ್ನು ‘ಕೂಟಶಾಸನ’ವೆಂದು ಕರೆದು ಮುಂದೆ ಸಾಗುವುದು ವಾಡಿಕೆ. ಇನ್ನೊಂದು ಪುಸ್ತಕ ಅದನ್ನೇ ‘ಕೃತ್ರಿಮ ಶಾಸನ’ವೆನ್ನುತ್ತದೆ, ಮತ್ತೊಂದು ‘ನಕಲಿ ಶಾಸನ’ವೆಂದೋ ‘ಖೋಟಾ ಶಾಸನ’ವೆಂದೋ ಬರೆಯುತ್ತದೆ. ಒಬ್ಬ ಲೇಖಕರೇ ಒಂದೇ ಅಧ್ಯಾಯದಲ್ಲಿ ಈ ಮಾತುಗಳನ್ನು ಬದಲಾಯಿಸಿ ಬಳಸುವುದೂ ಉಂಟು. ಇಂಗ್ಲಿಷಿನ ‘ಸ್ಪ್ಯೂರಿಯಸ್’ ಎಂಬ ಒಂದೇ ಮಾತಿಗೆ ಪ್ರತಿಯಾಗಿ ಇವೆಲ್ಲವೂ ನಮ್ಮಲ್ಲಿ ನಿಂತಿರುವುದರಿಂದ ವಿದ್ಯಾರ್ಥಿಗಳು ಇವನ್ನು ಪರ್ಯಾಯಪದಗಳೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಆದರೆ ಈ ಮಾತುಗಳು ಒಂದೇ ಮನೆಯಲ್ಲಿ ಹುಟ್ಟಿದವಲ್ಲ. ಒಂದು ವಂಚನೆಯನ್ನು ಹೇಳುತ್ತದೆ. ಒಂದು ತಯಾರಿಕೆಯನ್ನು ಹೇಳುತ್ತದೆ. ಒಂದು ಮೂಲಕ್ಕೂ ಪ್ರತಿಗೂ ಇರುವ ಸಂಬಂಧವನ್ನು ಹೇಳುತ್ತದೆ. ಈ ವ್ಯತ್ಯಾಸವನ್ನು ಮರೆತದ್ದರಿಂದ ಕರ್ಣಾಟಕದ ಪ್ರಾಚೀನ ಚರಿತ್ರೆಗೆ, ಅದರಲ್ಲಿಯೂ ತಲಕಾಡಿನ ಗಂಗರ ಚರಿತ್ರೆಗೆ, ಸ್ವಲ್ಪಮಟ್ಟಿನ ಅನ್ಯಾಯವಾಗಿದೆ ಎಂಬುದನ್ನು ಪ್ರಕೃತ ಲೇಖನದಲ್ಲಿ ತೋರಿಸಲು ಯತ್ನಿಸಿದೆ.

ಮೊದಲು ‘ಕೂಟ’ವನ್ನು ನೋಡೋಣ. ಕನ್ನಡಿಗನ ಕಿವಿಗೆ ಈ ಮಾತು ತಟ್ಟನೆ ಕೊಡುವ ಅರ್ಥವೇ ಬೇರೆ. ‘ಕೂಡು’ ಧಾತುವಿನಿಂದ ಬಂದ ನಮ್ಮ ‘ಕೂಟ’ ಜನರು ಸೇರುವುದನ್ನು, ಸಮಾಗಮವನ್ನು ಹೇಳುತ್ತದೆ. ಹೀಗಾಗಿ ಕೂಟಶಾಸನವೆಂದರೆ ಹಲವರು ಕೂಡಿ ಬರೆಸಿದ ಶಾಸನವೆಂದು ತಿಳಿದುಕೊಳ್ಳುವ ವಿದ್ಯಾರ್ಥಿಯನ್ನು ನಾವು ಹಳಿಯುವಂತಿಲ್ಲ. ಸಂಸ್ಕೃತದ ‘ಕೂಟ’ ಬೇರೆಯ ಶಬ್ದ. ಅದಕ್ಕೆ ಅರ್ಥಗಳು ಅನೇಕ. ಅಮರಸಿಂಹನು ಮಾಯೆ, ನಿಶ್ಚಲವಾದದ್ದು, ಯಂತ್ರ, ಕೈತವ, ಅನೃತ, ರಾಶಿ, ಕಮ್ಮಾರನ ಸುತ್ತಿಗೆ, ಬೆಟ್ಟದ ಶಿಖರ, ನೇಗಿಲಿನ ಅಂಗ ಎಂಬ ಅರ್ಥಗಳನ್ನೆಲ್ಲ ಒಂದೇ ಕಡೆ ಸೇರಿಸಿದ್ದಾನೆ. ಬದಲಾಗದೆ ನಿಂತ ಪರತತ್ತ್ವವನ್ನು ವೇದಾಂತಿಗಳು ‘ಕೂಟಸ್ಥ’ವೆಂದು ಕರೆಯುವಾಗಲೂ ಧರ್ಮಶಾಸ್ತ್ರಕಾರರು ಸುಳ್ಳು ಹೇಳುವವನನ್ನು ‘ಕೂಟಸಾಕ್ಷಿ’ಯೆಂದು ಕರೆಯುವಾಗಲೂ ಶಬ್ದದ ರೂಪ ಒಂದೇ. ಯಂತ್ರ, ಎಂದರೆ ಮೃಗವನ್ನು ಹಿಡಿಯುವ ಬೋನು ಅಥವಾ ಬಲೆ, ಎಂಬ ಅರ್ಥದಿಂದ ವಂಚನೆಯ ಅರ್ಥಕ್ಕೆ ದೂರವಿಲ್ಲವೆಂದು ಮಾತ್ರ ಇಲ್ಲಿ ಹೇಳಬಹುದು. ಕೂಟವಸ್ತುವೆಂದರೆ ಎದುರಿನವನನ್ನು ಸಿಕ್ಕಿಸುವುದಕ್ಕೆ ಒಡ್ಡಿದ ವಸ್ತು.

ರಾಜ್ಯಾಡಳಿತಕ್ಕೆ ಸಂಬಂಧಿಸಿದ ಗ್ರಂಥಗಳಲ್ಲಿ ಈ ಶಬ್ದ ಬಹು ಖಚಿತವಾಗಿ ಬಳಕೆಯಾಗಿದೆ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚು ಮಾಡಿಸಿ ಲೋಕಕ್ಕೆ ಪರಿಚಯಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕಂಟಕಶೋಧನವೆಂಬ ಅಧಿಕರಣವಿದೆ. ಅಲ್ಲಿ ಕೂಟರೂಪವನ್ನು, ಎಂದರೆ ಕಳ್ಳನಾಣ್ಯವನ್ನು, ತಯಾರಿಸುವವನನ್ನು ಗುರುತಿಸುವ ಬಗೆಯನ್ನು ಗ್ರಂಥಕಾರನು ವಿವರಿಸುತ್ತಾನೆ. ಬಗೆಬಗೆಯ ಲೋಹ, ಕ್ಷಾರ, ಇದ್ದಿಲು, ತಿದಿ, ಇಕ್ಕುಳ, ಅಚ್ಚು ಮುಂತಾದವನ್ನು ಪದೇಪದೇ ಕೊಳ್ಳುವವನ ಮೇಲೆ, ಮಸಿಯಿಂದಲೂ ಹೊಗೆಯಿಂದಲೂ ಕೈಬಟ್ಟೆಗಳು ಕೊಳೆಯಾದವನ ಮೇಲೆ ಗೂಢಚಾರರು ಕಣ್ಣಿಡಬೇಕೆಂಬುದು ಅವನ ಮತ. ಯಾಜ್ಞವಲ್ಕ್ಯಸ್ಮೃತಿಯಲ್ಲಿ ತಕ್ಕಡಿ, ರಾಜಶಾಸನ, ಅಳತೆ, ನಾಣಕ ಈ ನಾಲ್ಕನ್ನೂ ಕೂಟಗೊಳಿಸುವವನಿಗೆ ಒಂದೇ ವಿಧವಾದ ದಂಡವನ್ನು ಹೇಳಿದೆ. ನಾಣಕವೆಂಬುದೇ ನಮ್ಮ ‘ನಾಣ್ಯ’. ತಕ್ಕಡಿಯೂ ತಾಮ್ರಪಟವೂ ಒಂದೇ ಶ್ಲೋಕದಲ್ಲಿ ಬಂದಿರುವುದು ಗಮನಾರ್ಹ; ಇವೆಲ್ಲವೂ ಜನರು ರಾಜನ ಮಾತನ್ನು ನಂಬಿ ವ್ಯವಹರಿಸುವ ಸಾಧನಗಳು. ಮನುವೂ ವಿಷ್ಣುಸ್ಮೃತಿಯೂ ಇನ್ನೂ ಕಠೋರವಾಗಿ ಕೂಟಶಾಸನವನ್ನು ಮಾಡಿದವನಿಗೆ ವಧದಂಡವನ್ನೇ ವಿಧಿಸುತ್ತವೆ.

ಇದು ಕೇವಲ ಗ್ರಂಥಗಳ ಮಾತಾಗಿರಲಿಲ್ಲವೆಂಬುದಕ್ಕೆ ಹರ್ಷವರ್ಧನನ ಮಧುಬನ ತಾಮ್ರಪಟ ಸಾಕ್ಷಿಯಾಗಿದೆ. ಹರ್ಷಶಕ ೨೫ರ, ಎಂದರೆ ಕ್ರಿ. ಶ. ೬೩೧ರ, ಈ ಪಟದಲ್ಲಿ ಒಂದು ವಿಶೇಷ ಸಂಗತಿ ದಾಖಲಾಗಿದೆ. ಶ್ರಾವಸ್ತೀ ಭುಕ್ತಿಗೆ ಸೇರಿದ ಸೋಮಕುಂಡಕಾ ಎಂಬ ಗ್ರಾಮವನ್ನು ವಾಮರಥ್ಯನೆಂಬ ಬ್ರಾಹ್ಮಣನು ಕೂಟಶಾಸನದ ಬಲದಿಂದ ಅನುಭವಿಸುತ್ತಿದ್ದನು. ಅರಸನು ಆ ಶಾಸನವನ್ನು ಮುರಿಸಿ ಗ್ರಾಮವನ್ನು ಅವನಿಂದ ಬಿಡಿಸಿ ಬೇರೆ ಇಬ್ಬರಿಗೆ ದತ್ತಿಯಾಗಿ ಕೊಟ್ಟನು. ನಮ್ಮ ಇಮ್ಮಡಿ ಪುಲಕೇಶಿಯ ಸಮಕಾಲೀನನಾದ ಅರಸನೊಬ್ಬನ ನ್ಯಾಯಸ್ಥಾನದಲ್ಲಿ ‘ಕೂಟಶಾಸನ’ವೆಂಬ ಮಾತು ಹೀಗೆ ಒಂದು ನಿರ್ದಿಷ್ಟ ಅಪರಾಧದ ಹೆಸರಾಗಿತ್ತು. ಅಪರಾಧಿಯಿದ್ದನು, ಅವನು ಕಬಳಿಸಿದ ಊರಿತ್ತು, ತೀರ್ಪು ಕೊಟ್ಟ ಅರಸನಿದ್ದನು. ಲಿಪಿ ತಪ್ಪಾಗಿದೆಯೆಂದೋ ವ್ಯಾಕರಣ ಕೆಟ್ಟಿದೆಯೆಂದೋ ಆ ಮಾತನ್ನು ಬಳಸಿದ್ದಲ್ಲ.

‘ಕೃತ್ರಿಮ’ದ ಹುಟ್ಟು ಇದಕ್ಕಿಂತ ನಿರಪರಾಧವಾದುದು. ಪಾಣಿನಿಯ ಪ್ರಕಾರ ‘ಕೃ’ ಧಾತುವಿಗೆ ‘ಕ್ತ್ರಿ’ ಪ್ರತ್ಯಯವೂ ಅದರ ಮೇಲೆ ‘ಮಪ್’ ಪ್ರತ್ಯಯವೂ ಬಂದು ಈ ರೂಪ ಸಿದ್ಧಿಸುತ್ತದೆ. ಮಾಡುವಿಕೆಯಿಂದ ಆದದ್ದು ಎಂದಷ್ಟೇ ಅರ್ಥ. ತಾನಾಗಿ ಹುಟ್ಟಿದ ಕೆರೆಯಲ್ಲ, ಕಟ್ಟಿಸಿದ ಕೆರೆ ಎಂಬಲ್ಲಿ ಮೋಸದ ಸುಳಿವಿಲ್ಲವಷ್ಟೆ. ಧರ್ಮಶಾಸ್ತ್ರಗಳು ಹೇಳುವ ಹನ್ನೆರಡು ಬಗೆಯ ಪುತ್ರರಲ್ಲಿ ‘ಕೃತ್ರಿಮ’ನೂ ಒಬ್ಬ. ಇವನು ಸುಳ್ಳುಮಗನಲ್ಲ, ಒಬ್ಬನು ತಾನಾಗಿ ಮಗನನ್ನಾಗಿ ಮಾಡಿಕೊಂಡವನು, ಪಿಂಡಕ್ಕೂ ಆಸ್ತಿಗೂ ಕ್ರಮಪ್ರಾಪ್ತವಾದ ಅಧಿಕಾರವುಳ್ಳವನು. ಮಿಥಿಲೆಯಲ್ಲಿ ಈ ಬಗೆಯ ಸ್ವೀಕಾರ ಬ್ರಿಟಿಷರ ಕಾಲದ ನ್ಯಾಯಾಲಯಗಳಲ್ಲಿಯೂ ಮಾನ್ಯವಾಗಿತ್ತು. ಇದರ ಸೋದರಶಬ್ದವಾದ ‘ಕೃತಕ’ವನ್ನು ತಾರ್ಕಿಕರು ಇನ್ನೂ ತಟಸ್ಥವಾಗಿ ಬಳಸಿದರು. ಶಬ್ದವು ಅನಿತ್ಯವೆಂದು ಸಾಧಿಸಲು ನೈಯಾಯಿಕನು ಕೊಡುವ ಹೇತು ಅದು ಕೃತಕ, ಎಂದರೆ ಉಂಟುಮಾಡಲ್ಪಟ್ಟದ್ದು, ಎಂಬುದೇ. ಗಡಿಗೆಯೂ ಅವನಿಗೆ ಕೃತಕವೇ.

ಕಾವ್ಯದ ಕಡೆಗೆ ತಿರುಗಿದಾಗ ನಾಯಿಕೆಯ ಕೃತಕಕೋಪ, ಕೃತ್ರಿಮಸ್ನೇಹ ಮುಂತಾದ ಪ್ರಯೋಗಗಳು ಬಂದು ನಟನೆಯ ಅರ್ಥ ಕೂಡಿಕೊಂಡಿತು. ಕನ್ನಡದ ಆಡುಮಾತಿನಲ್ಲಿ ‘ಕೃತ್ರಿಮ’ ಪೂರ್ತಿಯಾಗಿ ಕೆಟ್ಟಿತು. ‘ಅವನು ಬಲು ಕೃತ್ರಿಮಿ’ ಎಂದರೆ ಅವನಲ್ಲಿ ಕೈಕೌಶಲವಿದೆಯೆಂದು ಯಾರೂ ತಿಳಿಯಲಾರರು. ‘ಕೃತಕ’ ಮಾತ್ರ ಅರ್ಧದಾರಿಯಲ್ಲಿ ನಿಂತಿತು. ಆದುದರಿಂದಲೇ ವಿಜ್ಞಾನದ ಪುಸ್ತಕಗಳನ್ನು ಬರೆಯುವವರಿಗೆ ಅದು ಒದಗಿತೆಂದು ತೋರುತ್ತದೆ. ಕೃತಕ ರೇಷ್ಮೆ, ಕೃತಕ ಗೊಬ್ಬರ, ೧೯೫೭ರ ಅನಂತರ ಕೃತಕ ಉಪಗ್ರಹ, ಇತ್ತೀಚೆಗೆ ಕೃತಕ ಬುದ್ಧಿಮತ್ತೆ, ಹೀಗೆ ಅದು ತನ್ನ ಹಳೆಯ ತರ್ಕಶಾಸ್ತ್ರದ ಅರ್ಥಕ್ಕೆ ಮರಳಿದೆ. ಕೃತಕ ಉಪಗ್ರಹವನ್ನು ‘ನಕಲಿ ಉಪಗ್ರಹ’ವೆಂದರೆ ಮಕ್ಕಳೂ ನಗುತ್ತಾರೆ. ಆದರೆ ‘ಕೃತಕ ನಗೆ’ ಎಂದಾಗ ಮತ್ತೆ ಕಾವ್ಯದ ಅರ್ಥವೇ ಮುಂದೆ ಬರುತ್ತದೆ.

ಅಚ್ಚಗನ್ನಡದ ಮಾತುಗಳ ದಾರಿ ಇನ್ನೊಂದು. ಹಳಗನ್ನಡದ ‘ಪುಸಿ’, ಇಂದಿನ ‘ಹುಸಿ’, ಮೂಲತಃ ನುಡಿಯ ದೋಷ; ‘ಕಳ್ಳ’ ಎಂಬುದು ಮನುಷ್ಯನ ದೋಷ. ಇವನ್ನೇ ನಮ್ಮವರು ವಸ್ತುಗಳಿಗೆ ಹಚ್ಚಿದರು. ಕಳ್ಳನಾಣ್ಯ, ಕಳ್ಳನೋಟು, ಕಳ್ಳಲೆಕ್ಕ, ಕಳ್ಳಸಾಕ್ಷಿ ಎಂಬ ಸಮಾಸಗಳಲ್ಲಿ ಕಳ್ಳತನ ಮಾಡಿದ್ದು ನಾಣ್ಯವಲ್ಲ, ಲೆಕ್ಕದ ಪುಸ್ತಕವೂ ಅಲ್ಲ. ಅವನ್ನು ತಯಾರಿಸಿದವನ ಗುಣವನ್ನು ವಸ್ತುವಿನ ಮೇಲೆ ಹೊರಿಸಿದೆ. ಕಳ್ಳನಿದ್ರೆಯಲ್ಲಿ ಮಾತ್ರ ಕಳ್ಳನೂ ನಿದ್ರಿಸುವವನೂ ಒಬ್ಬನೇ. ಹುಸಿಮುನಿಸು, ಹುಸಿನಗೆ ಎಂಬಲ್ಲಿ ದೋಷದ ಕಹಿ ಬಹಳ ಮಟ್ಟಿಗೆ ಕರಗಿಹೋಗಿದೆ. ಹುಸಿನಗೆ ಇಂದು ಮೋಸದ ನಗೆಯಲ್ಲ, ತುಟಿಯಂಚಿನ ನಗೆ. ಅಕ್ಕಸಾಲಿಯ ಸುತ್ತಮುತ್ತ ಹುಟ್ಟಿದ ಬೆರಕೆ, ಕಲಬೆರಕೆ ಎಂಬ ಮಾತುಗಳು ವಸ್ತುವಿನೊಳಗೆ ಏನು ಸೇರಿದೆಯೆಂಬುದನ್ನು ನೋಡುತ್ತವೆ. ಇಂಗ್ಲಿಷಿನಿಂದ ಬಂದ ‘ಗಿಲೀಟು’ ಮೇಲಿನ ಲೇಪವನ್ನು ನೋಡುತ್ತದೆ. ಅಭ್ರಕಕ್ಕೆ ‘ಕಾಗೆಬಂಗಾರ’ವೆಂದು ಹೆಸರಿಟ್ಟವನು ಯಾರೋ, ಅವನಿಗೆ ವಸ್ತುವಿನ ಮೇಲೆ ಕೋಪವಿರಲಿಲ್ಲ, ವಿನೋದವಿತ್ತು. ಚಿನ್ನವಲ್ಲದ್ದು ಚಿನ್ನದಂತೆ ಹೊಳೆದರೆ ಅದು ಮೋಸವಾಗಬೇಕೆಂದಿಲ್ಲ. ಅದನ್ನು ಚಿನ್ನವೆಂದು ಮಾರಿದರೆ ಮೋಸ.

ಇನ್ನು ‘ನಕಲು’. ಅರಬ್ಬೀ ಭಾಷೆಯ ‘ನಕ್ಲ್’ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು ಎಂಬ ಅರ್ಥದ್ದು. ಬರವಣಿಗೆಯನ್ನು ಒಂದು ಕಾಗದದಿಂದ ಇನ್ನೊಂದಕ್ಕೆ ಸಾಗಿಸಿದರೆ ಅದು ಪ್ರತಿಯಾಗುತ್ತದೆ. ಇದರ ಜೋಡಿ ‘ಅಸಲು’, ಎಂದರೆ ಬೇರು, ಮೂಲ. ಬಿಜಾಪುರದ ಸುಲ್ತಾನರ, ಮರಾಠರ, ಹೈದರ್ ಟಿಪ್ಪುಗಳ ಆಡಳಿತದಲ್ಲಿ ಕಚೇರಿಯ ಭಾಷೆಯೊಡನೆ ಈ ಜೋಡಿ ಕನ್ನಡನಾಡಿನ ಹಳ್ಳಿಹಳ್ಳಿಗೂ ಬಂದಿತು. ಸಾಲಗಾರನಿಗೆ ಅಸಲು ಬಡ್ಡಿಯ ಎದುರು ನಿಂತರೆ, ಶಾನುಭೋಗನಿಗೂ ಕುಲಕರ್ಣಿಗೂ ಅಸಲು ನಕಲಿನ ಎದುರು ನಿಂತಿತು. ಇಲ್ಲಿ ಗಮನಿಸಬೇಕಾದುದು, ನಕಲು ನಿಂದೆಯ ಮಾತಲ್ಲ. ಇಂದಿಗೂ ತಾಲ್ಲೂಕು ಕಚೇರಿಯಲ್ಲಿ ದೃಢೀಕರಿಸಿದ ನಕಲನ್ನು ಶುಲ್ಕ ಕೊಟ್ಟು ಪಡೆದು ನ್ಯಾಯಾಲಯದ ಮುಂದೆ ಗೌರವದಿಂದ ಇಡುತ್ತೇವೆ. ಆದರೆ ಅದೇ ಶಬ್ದ ‘ನಕಲಿ’ಯಾದೊಡನೆ ಅದರ ಮಾನ ಹೋಗುತ್ತದೆ. ಹಿಂದೆ ನಕಲಿ ಮಾಡುವುದೆಂದರೆ ಮತ್ತೊಬ್ಬರ ನಡೆನುಡಿಯನ್ನು ಅಣಕಿಸಿ ನಗಿಸುವುದೆಂದೂ ಅರ್ಥವಿತ್ತು. ಈಗ ಆ ಅರ್ಥ ಹಿಂದೆ ಸರಿದು ನಕಲಿ ವೈದ್ಯ, ನಕಲಿ ಬೀಜ, ನಕಲಿ ಅಂಕಪಟ್ಟಿಗಳ ಅರ್ಥವೇ ಮೇಲಾಗಿದೆ. ಉಕಾರಕ್ಕೂ ಇಕಾರಕ್ಕೂ ಇರುವ ಈ ಅಂತರವನ್ನು ನಮ್ಮ ಶಾಸನಸಂಶೋಧಕರು ಬೇಕಾದಷ್ಟು ಉಪಯೋಗಿಸಿಕೊಂಡಿಲ್ಲ.

‘ಖೋಟಾ’, ಉತ್ತರ ಕರ್ಣಾಟಕದ ‘ಖೊಟ್ಟಿ’, ಮರಾಠಿಯ ನೆರೆಯಿಂದ ಬಂದದ್ದು. ಮುಂಬಯಿ ಸರ್ಕಾರ ೧೮೫೨ರ ಕಾಯಿದೆಯ ಮೂಲಕ ಇನಾಂ ಕಮಿಷನ್ನಿಗೆ ಅಧಿಕಾರ ಕೊಟ್ಟಾಗ ಧಾರವಾಡ ಬೆಳಗಾವಿಗಳ ಕಡೆಯ ಇನಾಂದಾರರು ತಮ್ಮ ಭೂಮಿಗೆ ಆಧಾರವಾದ ಸನದುಗಳನ್ನು ಹಾಜರುಪಡಿಸಬೇಕಾಯಿತು. ತಲೆತಲಾಂತರದಿಂದ ಅನುಭವಿಸುತ್ತ ಬಂದಿದ್ದರೂ ಕಾಗದವಿಲ್ಲದವನು ಏನು ಮಾಡಬೇಕು? ಗೆದ್ದಲು ತಿಂದ ಸನದನ್ನು ಮತ್ತೆ ಬರೆಸಿದವನಿಗೂ ಇಲ್ಲದ ಸನದನ್ನು ಸೃಷ್ಟಿಸಿದವನಿಗೂ ಕಮಿಷನ್ನಿನ ಕಣ್ಣಿನಲ್ಲಿ ಎಷ್ಟು ಅಂತರವಿದ್ದೀತು? ಮೈಸೂರು ಸೀಮೆಯಲ್ಲಿ ಬಟ್ಟೆಗೆ ಕಪ್ಪು ಲೇಪ ಹಚ್ಚಿ ಬಳಪದಿಂದ ಬರೆಯುತ್ತಿದ್ದ ಕಡತಗಳನ್ನು ಬೇಕಾದಾಗ ಅಳಿಸಿ ಮತ್ತೆ ಬರೆಯಬಹುದಾಗಿತ್ತು. ಅದು ಲೆಕ್ಕವಿಡುವ ರೂಢಿಯ ಕ್ರಮವೇ ಹೊರತು ಕಪಟವಲ್ಲ. ದಾಖಲೆಯನ್ನು ಹೊಸದಾಗಿ ಬರೆದಿಡುವುದು ನಮ್ಮ ಹಿಂದಿನವರ ಬಾಳಿನಲ್ಲಿ ಎಷ್ಟು ಸಾಮಾನ್ಯವಾಗಿತ್ತೆಂಬುದನ್ನು ನೆನಪಿಟ್ಟುಕೊಂಡು ಈಗ ತಾಮ್ರಪಟಗಳ ಕಡೆಗೆ ಬರೋಣ.

ಬಿ. ಎಲ್. ರೈಸ್ ಅವರು ೧೯ನೆಯ ಶತಮಾನದ ಕೊನೆಯ ದಶಕಗಳಲ್ಲಿ ಮೈಸೂರು ಮತ್ತು ಕೊಡಗಿನ ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸುತ್ತ ಬಂದಾಗ ಪ್ರಾಚೀನ ಗಂಗರ ತಾಮ್ರಪಟಗಳು ಹಲವು ಬೆಳಕಿಗೆ ಬಂದವು. ಅವುಗಳ ಆಧಾರದ ಮೇಲೆ ಕೊಂಗುಣಿವರ್ಮನಿಂದ ಮೊದಲುಗೊಂಡು ಒಂದು ವಂಶಾವಳಿಯನ್ನೂ ಕಾಲಾನುಕ್ರಮವನ್ನೂ ಅವರು ರಚಿಸಿದರು. ಇದಕ್ಕೆ ಪ್ರಬಲವಾದ ಪ್ರತಿಭಟನೆ ಬಂದದ್ದು ಜೆ. ಎಫ್. ಫ್ಲೀಟರಿಂದ. ಲಿಪಿಶಾಸ್ತ್ರದಲ್ಲಿಯೂ ಕಾಲಗಣನೆಯಲ್ಲಿಯೂ ಅವರಿಗೆ ಸಮಾನರು ಆಗ ವಿರಳ. ಖ, ಜ, ಬ, ಲ ಮುಂತಾದ ಅಕ್ಷರಗಳ ಹಳೆಯ ಚೌಕಟ್ಟಾದ ರೂಪಕ್ಕೂ ಅನಂತರದ ಬಾಗಿದ ರೂಪಕ್ಕೂ ಇರುವ ಭೇದವನ್ನು ಹಿಡಿದು, ತಿಥಿವಾರಗಳನ್ನು ಗುಣಿಸಿ ನೋಡಿ, ಗಂಗರ ಪ್ರಾಚೀನ ಪಟಗಳೆಲ್ಲವನ್ನೂ ಅವರು ತಿರಸ್ಕರಿಸುತ್ತ ಬಂದರು. ೧೯೦೧ರಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಭರತಖಂಡದ ‘ಸ್ಪ್ಯೂರಿಯಸ್’ ಶಾಸನಗಳ ಒಂದು ಪಟ್ಟಿಯನ್ನೇ ಪ್ರಕಟಿಸಿದರು. ಫ್ಲೀಟರು ಮುಂಬಯಿ ಪ್ರಾಂತದ ಸಿವಿಲ್ ಸರ್ವಿಸಿನಲ್ಲಿದ್ದು ನಮ್ಮ ಉತ್ತರದ ಜಿಲ್ಲೆಗಳಲ್ಲಿ ಕೆಲಸ ಮಾಡಿದವರು. ಅವರ ತೀರ್ಪುಗಳ ಮೇಲೆ ಇನಾಂ ದಫ್ತರದ ನೆರಳು ಸ್ವಲ್ಪ ಬಿದ್ದಿರಬಹುದೆಂದು ನನಗೆ ಅನೇಕ ಸಲ ಅನ್ನಿಸಿದೆ; ಇದು ಊಹೆಯೇ ಸರಿ.

ಫ್ಲೀಟರ ತರ್ಕದಲ್ಲಿ ದೋಷವಿದೆಯೆಂದು ಹೇಳುವುದು ನನ್ನ ಉದ್ದೇಶವಲ್ಲ. ಅವರು ಎತ್ತಿದ ಆಕ್ಷೇಪಣೆಗಳಲ್ಲಿ ಬಹುಪಾಲು ಇಂದಿಗೂ ನಿಲ್ಲುತ್ತವೆ. ಸಮಸ್ಯೆ ಇರುವುದು ಆಕ್ಷೇಪಣೆಯಿಂದ ಹೆಸರಿಗೆ ಹೋಗುವ ಹೆಜ್ಜೆಯಲ್ಲಿ. ಲಿಪಿ ಈಚಿನದು, ಆದುದರಿಂದ ಪಟವನ್ನು ಕೆತ್ತಿದ್ದು ಈಚೆಗೆ ಎನ್ನುವವರೆಗೆ ಪ್ರಮಾಣವಿದೆ. ಈಚೆಗೆ ಕೆತ್ತಿದ್ದು, ಆದುದರಿಂದ ಅದರೊಳಗಿನ ದಾನವೂ ಅರಸರೂ ಸುಳ್ಳು ಎನ್ನಬೇಕಾದರೆ ಬೇರೆ ಪ್ರಮಾಣ ಬೇಕು. ‘ಸ್ಪ್ಯೂರಿಯಸ್’ ಎಂಬ ಒಂದೇ ಮಾತು ಎರಡನ್ನೂ ಹೊದಿಸಿಬಿಟ್ಟಿತು. ಕನ್ನಡಕ್ಕೆ ‘ಕೂಟ’ವಾಗಿ ಇಳಿದಾಗ ಅದರೊಡನೆ ವಂಚನೆಯ ಆರೋಪವೂ ಸೇರಿಕೊಂಡಿತು.

ಇದರ ಪರಿಣಾಮ ಸಣ್ಣದಾಗಿರಲಿಲ್ಲ. ಆ ಪಟಗಳೆಲ್ಲವೂ ಕೂಟವೆಂದಾದರೆ ೪ನೆಯ ಶತಮಾನದಿಂದ ಶ್ರೀಪುರುಷನ ಕಾಲದವರೆಗಿನ, ಎಂದರೆ ೮ನೆಯ ಶತಮಾನದವರೆಗಿನ, ಗಂಗರ ಇತಿಹಾಸವೇ ಕಟ್ಟುಕತೆಯಾಗಬೇಕು. ದಕ್ಷಿಣ ಕರ್ಣಾಟಕದ ನಾಲ್ಕು ಶತಮಾನಗಳ ರಾಜ್ಯವೊಂದು ಇತ್ತೋ ಇಲ್ಲವೋ ಎಂಬ ಪ್ರಶ್ನೆ ಕೆಲವು ಕಾಲ ಹೀಗೆಯೇ ತೂಗಾಡಿತು. ಆ ಗಂಟು ಸಡಿಲಿದ್ದು ಪೆನುಗೊಂಡೆಯ ತಾಮ್ರಪಟಗಳು ದೊರೆತ ಮೇಲೆ. ಗಂಗ ಮಾಧವನ ಈ ಶಾಸನದ ಲಿಪಿ ಪ್ರಾಚೀನವಾದುದು. ಪಲ್ಲವ ಸಿಂಹವರ್ಮನು ಗಂಗ ಅಯ್ಯವರ್ಮನಿಗೂ, ಪಲ್ಲವ ಸ್ಕಂದವರ್ಮನು ಗಂಗ ಮಾಧವನಿಗೂ ಪಟ್ಟ ಕಟ್ಟಿದರೆಂಬ ವಿಷಯ ಅದರಲ್ಲಿದೆ. ೧೯೧೫ರಲ್ಲಿ ಫ್ಲೀಟರು ಇದನ್ನು ಪರೀಕ್ಷಿಸಿ ಪ್ರಾಮಾಣಿಕವೆಂದು ಒಪ್ಪಿ ಸುಮಾರು ಕ್ರಿ. ಶ. ೪೭೫ರ ಕಾಲವನ್ನು ಸೂಚಿಸಿದರು. ಒಂದು ಪಂಥಕ್ಕೆ ಕಟ್ಟುಬಿದ್ದ ಪಂಡಿತರಾಗಿದ್ದರೆ ಹೀಗೆ ಒಪ್ಪುತ್ತಿರಲಿಲ್ಲ. ಫ್ಲೀಟರ ದೊಡ್ಡತನ ಇಲ್ಲಿ ಕಾಣುತ್ತದೆ. ಕಟ್ಟುಕತೆಯ ಅರಸರೆಂದು ತೋರಿದ್ದವರಿಗೆ ಅಂದಿನಿಂದ ಮತ್ತೆ ನೆಲ ಸಿಕ್ಕಿತು. ಕೆ. ವಿ. ರಮೇಶರು ೧೯೮೪ರಲ್ಲಿ ಪ್ರಕಟಿಸಿದ ಗಂಗಶಾಸನಗಳ ಸಂಪುಟದಲ್ಲಿ ಪ್ರಾಮಾಣಿಕವಾದವೂ ಸಂಶಯಾಸ್ಪದವಾದವೂ ಒಟ್ಟಿಗೆ ಪರಿಶೀಲನೆಗೆ ಒಳಗಾಗಿವೆ.

ಹಾಗಾದರೆ ಲಿಪಿ ಈಚಿನದಾದ ಪಟಗಳನ್ನು ಏನೆಂದು ಕರೆಯಬೇಕು? ಮಡಿಕೇರಿಯ ತಾಮ್ರಪಟವನ್ನೇ ತೆಗೆದುಕೊಳ್ಳೋಣ. ಗಂಗ ಅವಿನೀತನ ಕಾಲದ್ದೆಂದು ಹೇಳಿಕೊಳ್ಳುವ ಈ ಶಾಸನ ತಲಕಾಡಿನ, ಎಂದರೆ ತಲವನನಗರದ, ಶ್ರೀವಿಜಯ ಜಿನಾಲಯಕ್ಕೆ ಬದಣೆಗುಪ್ಪೆ ಎಂಬ ಊರನ್ನು ದತ್ತಿಯಾಗಿ ಕೊಟ್ಟುದನ್ನು ದಾಖಲಿಸುತ್ತದೆ. ಶಕವೆಂದು ಹೆಸರಿಸದೆ ೩೮೮ನೆಯ ವರ್ಷವೆಂದಷ್ಟೇ ಹೇಳಿದೆ. ಶಕವರ್ಷವೆಂದು ಹಿಡಿದರೆ ಕ್ರಿ. ಶ. ೪೬೬ ಆಗುತ್ತದೆ. ಇದರಲ್ಲಿ ಸೋಮವಾರದ ಉಲ್ಲೇಖವಿದೆ. ಭರತಖಂಡದ ಶಾಸನಗಳಲ್ಲಿ ವಾರದ ಹೆಸರು ನಿಶ್ಚಿತವಾಗಿ ಕಾಣಿಸಿಕೊಳ್ಳುವುದು ಬುಧಗುಪ್ತನ ಕಾಲದ ಏರಣದ ಸ್ತಂಭಶಾಸನದಲ್ಲಿ, ಕ್ರಿ. ಶ. ೪೮೪ರಲ್ಲಿ. ಇಷ್ಟೇ ಅಲ್ಲದೆ ಅಕಾಲವರ್ಷ ಪೃಥ್ವೀವಲ್ಲಭನ ಮಂತ್ರಿಯ ಮಾತು ಬರುತ್ತದೆ. ಅಕಾಲವರ್ಷವೆಂಬುದು ರಾಷ್ಟ್ರಕೂಟ ಕೃಷ್ಣರಾಜರ ಬಿರುದು. ಅವರಲ್ಲಿ ಮೊದಲನೆಯವನೇ ೮ನೆಯ ಶತಮಾನದ ಉತ್ತರಾರ್ಧದವನು. ಅಕ್ಷರಗಳೂ ೫ನೆಯ ಶತಮಾನದವಲ್ಲ. ಈ ಪಟ ಅವಿನೀತನ ಆಸ್ಥಾನದಿಂದ ಹೊರಟದ್ದಲ್ಲವೆಂಬುದು ನಿಸ್ಸಂದೇಹ.

ಆದರೆ ಇದರಿಂದ ಏನು ಸಿದ್ಧವಾಯಿತು? ರಾಷ್ಟ್ರಕೂಟರ ಕಾಲದಲ್ಲಿ ತಲಕಾಡಿನ ಬಸದಿಯೊಂದರವರು ತಮ್ಮ ಊರಿನ ಹಕ್ಕನ್ನು ಅವಿನೀತನ ಹೆಸರಿನಲ್ಲಿ ಬರೆಸಿಟ್ಟುಕೊಂಡರೆಂಬುದು ಸಿದ್ಧವಾಯಿತು. ಹಳೆಯ ದತ್ತಿಯೊಂದು ನಿಜವಾಗಿಯೂ ಇದ್ದು ಅದರ ಪಟ ಹಾಳಾಗಿ, ಉಳಿದ ವಾಕ್ಯಗಳಿಗೆ ತಮ್ಮ ಕಾಲದ ವಿವರವನ್ನು ಬೆರೆಸಿ ಮತ್ತೆ ಕೆತ್ತಿಸಿರಬಹುದು. ಯಾವ ದತ್ತಿಯೂ ಇಲ್ಲದೆ ಪೂರ್ತಿಯಾಗಿ ಕಲ್ಪಿಸಿರಲೂಬಹುದು. ಪೂರ್ತಿಯಾಗಿ ಕಲ್ಪಿಸುವವನು ಅಕಾಲವರ್ಷನಂಥ ಕಣ್ಣಿಗೆ ಹೊಡೆಯುವ ಹೆಸರನ್ನು ಒಳಗೆ ಬಿಡುತ್ತಿದ್ದನೇ ಎಂಬ ಪ್ರಶ್ನೆಯನ್ನೂ ಕೇಳಬೇಕು. ವಂಚಕನು ಸಾಮಾನ್ಯವಾಗಿ ಇದಕ್ಕಿಂತ ಎಚ್ಚರವಾಗಿರುತ್ತಾನೆ. ಎರಡರಲ್ಲಿ ಯಾವುದೆಂದು ನಿರ್ಣಯವಾಗುವ ಮೊದಲೇ ‘ಕೂಟ’ವೆಂದರೆ ನಾವು ಹರ್ಷನ ನ್ಯಾಯಪೀಠದಲ್ಲಿ ಕುಳಿತು ವಾಮರಥ್ಯನನ್ನು ವಿಚಾರಿಸದೆಯೇ ತೀರ್ಪು ಬರೆದಂತಾಗುತ್ತದೆ.

ಲಕ್ಷ್ಮೇಶ್ವರದ ಶಂಖಬಸದಿಯ ಶಿಲಾಶಾಸನ ಈ ವಿಚಾರವನ್ನು ಇನ್ನೂ ಸ್ಪಷ್ಟಪಡಿಸುತ್ತದೆ. ಅಲ್ಲಿ ಗಂಗ ಮಾರಸಿಂಹನ ಶಕ ೮೯೦ರ ದಾನದೊಡನೆ ಬಾದಾಮಿ ಚಾಲುಕ್ಯರ ವಿನಯಾದಿತ್ಯನ ಶಕ ೬೦೮ರ, ವಿಜಯಾದಿತ್ಯನ ಶಕ ೬೫೧ರ, ಎರಡನೆಯ ವಿಕ್ರಮಾದಿತ್ಯನ ಶಕ ೬೫೬ರ ದಾನಗಳೂ ಕೆತ್ತಲ್ಪಟ್ಟಿವೆ. ಕಾಲ ಬೇರೆ ಬೇರೆಯಾದರೂ ಅಕ್ಷರಗಳು ೭, ೮ನೆಯ ಶತಮಾನಗಳವಲ್ಲ; ಬಹಳ ಈಚಿನವು. ಈ ಕಾರಣದಿಂದ ಚಾಲುಕ್ಯರ ದಾನಗಳು ಸಂಶಯದ ಪಂಕ್ತಿಗೆ ಸೇರಿದವು. ಆದರೆ ಬಸದಿಯವರು ಹಲವು ಕಾಲದ ತಮ್ಮ ದತ್ತಿಗಳನ್ನೆಲ್ಲ ಒಂದೆಡೆ ಕಲ್ಲಿಗೆ ಏರಿಸಿದರೆಂದರೆ ಈ ರೂಪಕ್ಕೆ ಬೇರೆ ವಿವರಣೆಯೇ ಬೇಡ. ಹಾಗ್ಗೆ ಮಾಡುವ ಅಗತ್ಯವೂ ಇತ್ತು. ಪಕ್ಕದ ಬೆಳ್ವೊಲ ನಾಡಿನ ಗಾವರವಾಡದ ಕ್ರಿ. ಶ. ೧೦೭೧ರ ಸುಮಾರಿನ ಶಾಸನ ಗಂಗ ಪೆರ್ಮಾಡಿ ಅಣ್ಣಿಗೇರಿಯಲ್ಲಿ ಕಟ್ಟಿಸಿದ ಬಸದಿಯನ್ನು ಚೋಳರು ದಾಳಿಯಲ್ಲಿ ಹಾಳುಮಾಡಿದರೆಂದೂ, ಲಕ್ಷ್ಮರಸನು ಅದನ್ನು ಪುನರುದ್ಧಾರಮಾಡಿ ದತ್ತಿಗಳನ್ನು ಮತ್ತೆ ನಡೆಯಿಸಿದನೆಂದೂ ಹೇಳುತ್ತದೆ. ಬಸದಿ ಸುಟ್ಟಾಗ ಅದರ ಪಟಗಳೂ ಓಲೆಗಳೂ ಉಳಿಯುವುದೆಂತು? ಲಕ್ಷ್ಮೇಶ್ವರದ ಕಲ್ಲಿಗೂ ಈ ದಾಳಿಗೂ ನೇರವಾದ ಸಂಬಂಧವಿತ್ತೆಂದು ನಾನು ಹೇಳುತ್ತಿಲ್ಲ. ಆ ನಾಡಿನಲ್ಲಿ ಅಂಥ ಆಪತ್ತು ಬರುತ್ತಿತ್ತೆಂದು ಮಾತ್ರ ಹೇಳುತ್ತಿದ್ದೇನೆ.

ಇಂಥ ಸಂದರ್ಭಗಳಿಗೆ ಧರ್ಮಶಾಸ್ತ್ರದಲ್ಲಿಯೇ ವಿಧಿಯಿದೆ. ಲೇಖ್ಯವು ದೇಶಾಂತರದಲ್ಲಿದ್ದರೆ, ಓದಲು ಬಾರದಂತಿದ್ದರೆ, ಕಳೆದುಹೋದರೆ, ಅಳಿಸಿಹೋದರೆ, ಕಳುವಾದರೆ, ಒಡೆದರೆ, ಸುಟ್ಟುಹೋದರೆ, ಹರಿದರೆ ಬೇರೊಂದನ್ನು ಬರೆಸಬೇಕೆಂದು ಯಾಜ್ಞವಲ್ಕ್ಯನು ಹೇಳಿದ್ದಾನೆ. ವ್ಯವಹಾರದ ಪತ್ರಗಳಿಗೆ ಹೇಳಿದ ಮಾತಿದು. ಆದರೆ ರೂಢಿಯ ದಿಕ್ಕನ್ನು ತೋರಿಸುತ್ತದೆ. ಈ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಕಲ್ಯಾಣದಲ್ಲಿ ಬಾಳಿದವನು. ಕೂಟಶಾಸನಕ್ಕೆ ದಂಡ, ನಷ್ಟವಾದ ಲೇಖ್ಯಕ್ಕೆ ಪುನರ್ಲೇಖನ, ಈ ಎರಡು ವಿಧಿಗಳೂ ಒಂದೇ ಗ್ರಂಥದಲ್ಲಿದ್ದು ಕನ್ನಡನಾಡಿನ ರಾಜಧಾನಿಯಲ್ಲಿ ವ್ಯಾಖ್ಯಾನಗೊಂಡವು. ಅಂದಿನವರಿಗೆ ಇದ್ದ ಈ ವಿವೇಚನೆ ನಮಗೆ ಏಕೆ ಬೇಡ?

ಸಾಹಿತ್ಯದ ಅಧ್ಯಾಪಕರಿಗೆ ಈ ವಾದ ಹೊಸದಾಗಿ ತೋರಲಾರದು. ಪಂಪನ ಕೈಬರಹ ನಮಗೆ ದೊರೆತಿಲ್ಲ. ಕವಿರಾಜಮಾರ್ಗದ ಮೂಲ ಓಲೆಯನ್ನೂ ಯಾರೂ ಕಂಡಿಲ್ಲ. ಶತಮಾನಗಳ ಅನಂತರದ ಲಿಪಿಕಾರರು ತಮ್ಮ ಕಾಲದ ಅಕ್ಷರಗಳಲ್ಲಿ, ಕೆಲವೆಡೆ ತಮ್ಮ ಕಾಲದ ನುಡಿಯನ್ನೂ ನುಸುಳಗೊಟ್ಟು, ಮಾಡಿದ ಪ್ರತಿಗಳಿಂದ ಇವು ಉಳಿದು ಬಂದಿವೆ. ಆ ಪ್ರತಿಗಳನ್ನು ಕೂಟವೆಂದು ಯಾವ ಸಂಪಾದಕನೂ ಕರೆದಿಲ್ಲ. ತಪ್ಪುಗಳನ್ನು ಗುರುತಿಸಿ, ಪಾಠಾಂತರಗಳನ್ನು ತೂಗಿ, ಮೂಲದ ಹತ್ತಿರಕ್ಕೆ ಹೋಗಲು ಯತ್ನಿಸುತ್ತಾನೆ. ಓಲೆಯ ಪ್ರತಿಗೆ ಸಲ್ಲುವ ಈ ನ್ಯಾಯ ತಾಮ್ರದ ಪ್ರತಿಗೂ ಸಲ್ಲಬೇಕು. ತಾಮ್ರಪಟದಿಂದ ಭೂಮಿಯ ಹಕ್ಕು ಬರುತ್ತದೆ, ಕಾವ್ಯದಿಂದ ಬರುವುದಿಲ್ಲ; ಆದುದರಿಂದ ಪಟದ ವಿಷಯದಲ್ಲಿ ಎಚ್ಚರ ಹೆಚ್ಚು ಬೇಕೆಂಬುದು ನಿಜ. ಎಚ್ಚರವೇ ಬೇರೆ, ಮುಂದಾಗಿಯೇ ಹೊರಿಸುವ ಅಪರಾಧವೇ ಬೇರೆ.

ಹೀಗೆಂದರೆ ನಿಜವಾದ ಕೂಟಶಾಸನಗಳೇ ಇಲ್ಲವೆಂದು ಅರ್ಥವಲ್ಲ. ಪಾಂಡವವಂಶದ ಜನಮೇಜಯ ಚಕ್ರವರ್ತಿ ಸರ್ಪಯಾಗದ ಕಾಲದಲ್ಲಿ ತುಂಗಭದ್ರೆಯ ಪರಿಸರದ ಅಗ್ರಹಾರಗಳನ್ನು ದಾನ ಮಾಡಿದನೆಂದು ಹೇಳುವ ಪಟಗಳು ನಮ್ಮಲ್ಲಿವೆ. ಗೌಜ ಅಗ್ರಹಾರದ ಪಟ ಕರ್ನಲ್ ಮೆಕೆಂಜಿಯವರ ಮೂಲಕ ಬಂದಾಗ ೧೯ನೆಯ ಶತಮಾನದ ಆದಿಯಲ್ಲಿಯೇ ಕೋಲ್‌ಬ್ರೂಕರು ಅದನ್ನು ನಂಬಲಿಲ್ಲ. ಮೂಲವೇ ಇರಲು ಸಾಧ್ಯವಿಲ್ಲದ ಶಾಸನಕ್ಕೆ ನಕಲು ಎಲ್ಲಿಂದ ಬರಬೇಕು? ಇವಕ್ಕೆ ‘ಕೂಟ’ವೆಂಬ ಹೆಸರು ಸರಿಯಾಗಿಯೇ ಸಲ್ಲುತ್ತದೆ. ಗದಗಿನ ಬಳಿಯ ಕುರ್ತಕೋಟಿಯ ಪಟದ ಸ್ಥಿತಿ ಮಧ್ಯದ್ದು. ಬಾದಾಮಿಯ ಒಂದನೆಯ ವಿಕ್ರಮಾದಿತ್ಯನ ಹೆಸರಿನಲ್ಲಿರುವ ಅದು ಹೇಳುವ ಕಾಲ ಕ್ರಿ. ಶ. ೬೧೦ರ ಸುಮಾರಿನದು, ಆಗ ಸಿಂಹಾಸನದಲ್ಲಿದ್ದವನು ಅವನ ತಂದೆ ಪುಲಕೇಶಿ, ವಿಕ್ರಮಾದಿತ್ಯನು ಪಟ್ಟಕ್ಕೆ ಬಂದದ್ದು ೬೫೫ರ ಹೊತ್ತಿಗೆ. ಬರೆಸಿದವನಿಗೆ ಅರಸನ ಹೆಸರು ಗೊತ್ತಿತ್ತು, ಕಾಲ ಗೊತ್ತಿರಲಿಲ್ಲ. ಇದು ಕೇಳಿಕೆಯ ನೆನಪೋ ಕಪಟವೋ ಹೇಳುವುದು ಕಷ್ಟ. ಕಪಟದ ಕಡೆಗೆ ನನ್ನ ಒಲವು.

ಆದುದರಿಂದ ವರ್ಗದಲ್ಲಿಯೂ ಪಟ್ಟಿಗಳಲ್ಲಿಯೂ ಒಂದು ಕ್ರಮವನ್ನು ಅನುಸರಿಸುವುದು ಯುಕ್ತವೆಂದು ಸೂಚಿಸುತ್ತೇನೆ. ವಂಚಿಸುವ ಉದ್ದೇಶ ಬೇರೆ ಪ್ರಮಾಣದಿಂದ ಸಿದ್ಧವಾದಾಗ ಮಾತ್ರ ‘ಕೂಟಶಾಸನ’ವೆನ್ನೋಣ. ಮೂಲವೊಂದಿತ್ತೆಂದು ನಂಬಲು ಕಾರಣವಿದ್ದು ಪಟ ಮಾತ್ರ ಈಚಿನದಾದಾಗ ‘ನಕಲು ಶಾಸನ’ವೆನ್ನೋಣ, ‘ನಕಲಿ’ ಬೇಡ. ಹಳೆಯ ವಾಕ್ಯಗಳೂ ಹೊಸ ವಿವರಗಳೂ ಸೇರಿರುವಾಗ ಅಕ್ಕಸಾಲಿಗನ ‘ಬೆರಕೆ’ಯನ್ನು ಎರವಲು ಪಡೆಯಬಹುದು, ಬೆರಕೆಯ ಚಿನ್ನದಲ್ಲಿಯೂ ಚಿನ್ನವಿದೆಯಷ್ಟೆ. ‘ಕೃತ್ರಿಮ’ವನ್ನು ಶಾಸನಗಳಿಗೆ ಬಳಸದಿರುವುದೇ ಮೇಲು, ಏಕೆಂದರೆ ಎಲ್ಲ ಶಾಸನವೂ ಮಾಡಿದ್ದೇ. ಮಡಿಕೇರಿಯ ಪಟಕ್ಕೆ ಈ ಕ್ರಮದಲ್ಲಿ ಬರೆಯಬೇಕಾದ ನಮೂದು ಇಷ್ಟಾಗುತ್ತದೆ: ಹೇಳುವ ಕಾಲ ೩೮೮ನೆಯ ವರ್ಷ, ಶಕವೆಂದು ಹಿಡಿದರೆ ಕ್ರಿ. ಶ. ೪೬೬, ಕೆತ್ತಿದ ಕಾಲ ರಾಷ್ಟ್ರಕೂಟ ಅಕಾಲವರ್ಷನೊಬ್ಬನ ಕಾಲ ಅಥವಾ ಅದಕ್ಕೂ ಈಚೆ, ಸ್ವರೂಪ ಬೆರಕೆ, ಉದ್ದೇಶ ಅನಿರ್ಣೀತ. ಬದಣೆಗುಪ್ಪೆಯ ಹೆಸರಿನ ಊರು ಚಾಮರಾಜನಗರದ ಕಡೆ ಇಂದಿಗೂ ಇದೆ. ಅದರ ಎಲ್ಲೆಯ ಕಲ್ಲುಗಳನ್ನೂ ಹಳ್ಳಕೊಳ್ಳಗಳ ಹೆಸರುಗಳನ್ನೂ ಪಟದ ಪಾಠದೊಡನೆ ಹೋಲಿಸಿ ನೋಡುವುದು ಈ ನಮೂದಿನ ಕೊನೆಯ ಅಂಕಣವನ್ನು ತುಂಬಲು ಇರುವ ಒಂದು ದಾರಿ.